ಕೌದಿಯ ಆಚೆ ತುದಿ

ದೊಡ್ಡಬಳ್ಳಾಪುರದ ರೈಲ್ವೆ ಸ್ಟೇಷನ್ ಕಡೆಯ ಒಂದು ವಠಾರದಲ್ಲಿ ಮುನಿಲಕ್ಷ್ಮಮ್ಮ ಮತ್ತು ಆದಿಲಕ್ಷ್ಮಮ್ಮ ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದರು. ಅಕ್ಕತಂಗಿಯರಲ್ಲ, ನೆಂಟರೂ ಅಲ್ಲ. ಒಂದೇ ಗಾರ್ಮೆಂಟ್ಸಿನಲ್ಲಿ ಮುನಿಲಕ್ಷ್ಮಮ್ಮ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು, ಆದಿಲಕ್ಷ್ಮಮ್ಮ ಹೊಲಿದು ಬಂದ ಶರ್ಟುಗಳ ದಾರ ಕತ್ತರಿಸುತ್ತಿದ್ದಳು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಮುನಿಲಕ್ಷ್ಮಮ್ಮನ ಮದುವೆಯ ವಯಸ್ಸು ಕಳೆದುಹೋಗಿತ್ತು. ಆದಿಲಕ್ಷ್ಮಮ್ಮನ ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಕೂತು ಪರಿಚಯವಾದವರು, ಕೊನೆಗೆ ಎರಡು ಮನೆ ಯಾಕೆ ಎಂದು ಒಂದೇ ಮನೆ ಹಿಡಿದರು. ವಯಸ್ಸಿನಲ್ಲಿ ಐದು ವರ್ಷ ದೊಡ್ಡವಳಾದ ಆದಿಲಕ್ಷ್ಮಮ್ಮ ಮುನಿಲಕ್ಷ್ಮಮ್ಮನ ಬಾಯಲ್ಲಿ ಆದಿಯಕ್ಕನಾದಳು.

ಫ್ಯಾಕ್ಟರಿ ಮುಚ್ಚಿದ ಮೇಲೆ ಇಬ್ಬರೂ ಕೌದಿ ಹೊಲಿಯಲು ಹಿಡಿದರು. ಮನೆಯಲ್ಲಿ ಮುನಿಲಕ್ಷ್ಮಮ್ಮನ ತಾಯಿಯ ಕಾಲದ ಕಪ್ಪು ಮಷೀನು ಇತ್ತು, ಅದಕ್ಕೆ ಮೋಟರ್ ಕೂರಿಸಿಕೊಂಡಳು. ಅಕ್ಕಪಕ್ಕದವರು ಹಳೇ ಸೀರೆಗಳನ್ನು ತಂದುಕೊಡುವರು. ಮೇಲೊಂದು, ಕೆಳಗೊಂದು, ನಡುವೆ ಎರಡು ಪದರ ಹಾಸಿ, ಪದರ ಜರುಗದಂತೆ ಕೈಯಲ್ಲಿ ದೊಡ್ಡ ಹೊಲಿಗೆ ಹಾಕಿಕೊಂಡು ಮಷೀನಿಗೆ ಒಡ್ಡುವುದು. ಮುನಿಲಕ್ಷ್ಮಮ್ಮ ಹೊಲಿಯುತ್ತಿದ್ದಳು. ಆದಿಲಕ್ಷ್ಮಮ್ಮ ಮೇಜಿನ ಆಚೆ ಮೊಣಕಾಲೂರಿ ನಿಲ್ಲುವಳು, ಇಲ್ಲವೇ ಸ್ಟೂಲಿನ ಮೇಲೆ ಕೂರುವಳು. ಕೌದಿಯ ಆಚೆ ತುದಿ ಅವಳ ತೋಳಿನ ಮೇಲಿರುತ್ತಿತ್ತು. ಬಾಯಿ ಸುಮ್ಮನಿರುತ್ತಿರಲಿಲ್ಲ. ವಠಾರದ ನಲ್ಲಿ ಜಗಳದಿಂದ ಹಿಡಿದು ಘಾಟಿಯ ದನದ ಜಾತ್ರೆಯಲ್ಲಿ ಕಂಡ ಜೋಡೆತ್ತಿನ ತನಕ ಹೇಳುತ್ತಲೇ ಇರುವಳು.

ಎರಡು ವರ್ಷದ ಹಿಂದೆ ಒಬ್ಬ ಹೆಂಗಸು ಕೌದಿ ತೆಗೆದುಕೊಳ್ಳಲು ಬಂದವಳು, ಸಾಲು ಎಷ್ಟು ನೇರ ಬಂದಿದೆ ಎಂದು ಹೊಗಳಿದಳು. ನಾವು ಹೊಲಿದದ್ದು ಹಾಗೇ ಬರೋದು ಎಂದು ಆದಿಲಕ್ಷ್ಮಮ್ಮ ಹಿಗ್ಗಿನಿಂದ ಹೇಳಿದಳು. ಮುನಿಲಕ್ಷ್ಮಮ್ಮ ನಕ್ಕಳು. "ಹೊಲಿಯೋಳು ನಾನು. ಅಕ್ಕ ಸುಮ್ನೆ ಎದುರಿಗೆ ಕೂತು ಮಾತಾಡ್ತಾಳೆ ಅಷ್ಟೇ." ಬಂದವಳೂ ನಕ್ಕಳು, ಆದಿಲಕ್ಷ್ಮಮ್ಮನೂ ನಕ್ಕಳು. ಆ ದಿನ ಸಂಜೆ ಮಾತ್ರ ಅವಳು ಅಷ್ಟಾಗಿ ಮಾತಾಡಲಿಲ್ಲ.

ಎರಡು ತಿಂಗಳಾದ ಮೇಲೆ ದೇವನಹಳ್ಳಿ ಹತ್ತಿರದ ಆವತಿಯಿಂದ ಆದಿಲಕ್ಷ್ಮಮ್ಮನ ತಮ್ಮ ಪಾಪಯ್ಯ ಬಂದ. ಅವನ ಹೆಂಡತಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಅಕ್ಕ ಬಂದರೆ ಮನೆ ನಡೆಯುತ್ತದೆ ಎಂದು ಕೇಳಿಕೊಂಡ. ಆದಿಲಕ್ಷ್ಮಮ್ಮ ತಮ್ಮನಿಗೆ ಉತ್ತರ ಹೇಳದೆ ಮುನಿಲಕ್ಷ್ಮಮ್ಮನ ಮುಖ ನೋಡಿದಳು. ಹೋಗಲೋ ಬೇಡವೋ ಎಂದು ಕೇಳಿದಳು.

"ನಿನ್ನಿಷ್ಟ ಅಕ್ಕ. ಇಲ್ಲಿ ನಿಂಗೆ ಅಂಥ ಕೆಲಸ ಏನೈತೆ," ಎಂದಳು ಮುನಿಲಕ್ಷ್ಮಮ್ಮ. ಅಡ್ಡ ಬರಬಾರದು ಎನ್ನುವುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಮಾರನೇ ದಿನ ಆದಿಲಕ್ಷ್ಮಮ್ಮ ಒಂದು ಬ್ಯಾಗು ಹಿಡಿದು ಬಸ್ಸು ಹತ್ತಿದಳು.

ಮೊದಲ ವಾರ ಮನೆ ದೊಡ್ಡದಾದಂತೆ ಕಂಡಿತು. ಅನ್ನಕ್ಕೆ ಎರಡು ಪಾವಿನ ಬದಲು ಒಂದು ಪಾವು ಹಾಕಿದರೂ ಉಳಿಯುತ್ತಿತ್ತು. ಟಿವಿ ಹಾಕಿ ಅಡುಗೆಮನೆಗೆ ಹೋದರೆ, ಯಾರೋ ಮಾತಾಡುತ್ತಿದ್ದಾರೆ ಎಂದು ಕೆಲಸ ನಿಲ್ಲಿಸಿ ಆಲಿಸುವಳು, ಆಮೇಲೆ ಟಿವಿಯದೆಂದು ನೆನಪಾಗುವುದು. ಫೋನ್ ಮಾಡಿದರೆ ಆದಿಲಕ್ಷ್ಮಮ್ಮನಿಗೆ ಪುರುಸೊತ್ತಿರುತ್ತಿರಲಿಲ್ಲ. ನಾದಿನಿಗೆ ಊಟ ಮಾಡಿಸ್ತಿದೀನಿ, ಆಮೇಲೆ ಮಾಡ್ತೀನಿ ಅನ್ನುವಳು. ಎಷ್ಟೋ ಸಲ ಆಮೇಲೆ ಫೋನ್ ಬರುತ್ತಿರಲಿಲ್ಲ.

ಸಣ್ಣ ಮಕ್ಕಳ ಕೌದಿಗಳನ್ನು ಹೇಗೋ ಹೊಲಿದು ಕೊಟ್ಟಳು. ಆ ವರ್ಷದ ಡಿಸೆಂಬರಿನಲ್ಲಿ ಬಿಂದುಶ್ರೀ ಬಂದಳು, ಹಿಂದಿನ ಬೀದಿಯಲ್ಲಿರುವ ಸ್ಕೂಲ್ ಟೀಚರು. ತೀರಿಹೋದ ತಾಯಿಯ ಏಳು ಸೀರೆ ತಂದಿದ್ದಳು, ಇಬ್ಬರು ಹೊದೆಯುವಷ್ಟು ಅಗಲದ ಕೌದಿ ಬೇಕೆಂದಳು. ಮುನಿಲಕ್ಷ್ಮಮ್ಮ ಒಪ್ಪಿಕೊಂಡಳು.

ಆ ಕೌದಿ ಅವಳನ್ನು ಅಳಿಸಿಬಿಟ್ಟಿತು. ನಡುವಿನಿಂದ ಮೊದಲ ಸಾಲು ಹಾಕುವಷ್ಟರಲ್ಲಿ ಎರಡು ಸೂಜಿ ಮುರಿದವು. ಹೊಲಿಗೆ ಒಂದು ಕಡೆ ಎಳ್ಳಿನಷ್ಟು ಚಿಕ್ಕದು, ಇನ್ನೊಂದು ಕಡೆ ಅಕ್ಕಿಕಾಳಿನಷ್ಟು ಉದ್ದ. ಸಾಲು ಎಡಕ್ಕೆ ವಾಲುತ್ತಾ ಹೋಯಿತು. ಕೈಯಿಂದ ಎಳೆದು ಕೊಟ್ಟಳು, ಇನ್ನೂ ಕೆಟ್ಟಿತು. ದಾರದ ಬಿಗಿಗಿರುವ ಟೆನ್ಷನ್ ತಿರುಪು ತಿರುಗಿಸಿದಳು, ದಪ್ಪ ಸೂಜಿ ಹಾಕಿದಳು, ಎಣ್ಣೆ ಬಿಟ್ಟಳು. ಹೊಲಿದದ್ದನ್ನು ಬಿಚ್ಚುವುದರಲ್ಲೇ ಮೂರು ದಿನ ಹೋಯಿತು. ವಯಸ್ಸಾಯಿತು, ಕೈಯ ಹಿಡಿತ ತಪ್ಪಿತು ಎಂದುಕೊಂಡಳು. ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಮಷೀನು ರಿಪೇರಿಯ ಬೈಲಪ್ಪನನ್ನು ಕರೆಸಿದಳು. ಅವನು ಸೂಜಿಯ ಕೆಳಗೆ ಬಟ್ಟೆ ತಳ್ಳುವ ಹಲ್ಲು ನೋಡಿದ, ಕೆಳದಾರದ ಬಾಬಿನ್ ಕೇಸ್ ಬಿಚ್ಚಿ ನೋಡಿದ, ಚಿಂದಿಯ ಮೇಲೆ ಒಂದು ಗೆರೆ ಹೊಲಿದ. ನೂಲು ಹಿಡಿದಷ್ಟು ನೇರ ಬಂತು. ಆಮೇಲೆ ಕೌದಿ ಇಟ್ಟು ಹೊಲಿಯಲು ಹೇಳಿ, ಕೈಕಟ್ಟಿ ನಿಂತು ನೋಡಿದ.

"ಮಷೀನಿಗೇನೂ ಆಗಿಲ್ಲ ಅಕ್ಕ. ಭಾರ ಎಳೀತಾ ಐತೆ, ಅಷ್ಟೇ," ಎಂದ. ಅರ್ಧ ಕೌದಿ ಮೇಜಿನ ಎಡಗಡೆ ನೆಲದವರೆಗೆ ಜೋತುಬಿದ್ದಿತ್ತು, ಹೊಲಿದು ಮುಗಿದ ಭಾಗ ಹಿಂದಿನಿಂದ ಜಾರಿ ಇಳಿಯುತ್ತಿತ್ತು. ಹಲ್ಲು ಬಟ್ಟೆಯನ್ನು ಮುಂದೆ ತಳ್ಳುತ್ತದೆ, ಜೋತುಬಿದ್ದ ಭಾರ ಪಕ್ಕಕ್ಕೆ ಜಗ್ಗುತ್ತದೆ. ಆ ಎರಡರ ನಡುವೆ ಸೂಜಿ ಬಾಗಿ ಮುರಿಯುತ್ತದೆ ಎಂದು ಬೈಲಪ್ಪ ವಿವರಿಸಿದ. ಆಮೇಲೆ ಮೇಜಿನ ಆಚೆ ಹೋಗಿ, ಬಗ್ಗಿ, ಕೌದಿಯನ್ನು ಎರಡು ತೋಳಿನ ಮೇಲೆ ಎತ್ತಿ ಹಿಡಿದ. ಎಳೆಯಲಿಲ್ಲ, ಮೇಜಿನ ಮಟ್ಟಕ್ಕೆ ಸಡಿಲವಾಗಿ ಹಿಡಿದಿದ್ದ, ಅಷ್ಟೇ. ಈಗ ಹೊಲಿಯಿರಿ ಎಂದ.

ಹೊಲಿದಳು. ಮಷೀನು ತಡೆಯಿಲ್ಲದೆ ಓಡಿತು.

"ಇಷ್ಟು ದಿನ ಯಾರು ಹಿಡ್ಕೊಂತಿದ್ರು?" ಎಂದು ಅವನು ಸಹಜವಾಗಿ ಕೇಳಿದ. ಮುನಿಲಕ್ಷ್ಮಮ್ಮ ಮಷೀನಿನ ಮುಂದಿನಿಂದ ಎದ್ದಳು. ಕಾಫಿ ತರುತ್ತೇನೆಂದು ಒಳಗೆ ಹೋಗಿ, ಹಾಲಿನ ಪಾತ್ರೆಯ ಮುಂದೆ ಬಹಳ ಹೊತ್ತು ನಿಂತಳು.

ಆ ವಾರ ಅವಳು ಒಂದೊಂದೇ ಉಪಾಯ ಮಾಡಿದಳು. ಮೇಜನ್ನು ಗೋಡೆಗೆ ಒತ್ತಿಸಿದಳು, ಕೌದಿ ಹಿಂದಕ್ಕೆ ಬೀಳದಂತಾಯಿತು. ತಾನು ಮಲಗುತ್ತಿದ್ದ ಮಂಚವನ್ನು ಎಡಗಡೆಗೆ ಎಳೆದು, ನಾಲ್ಕು ಕಾಲಿಗೂ ಸಿಮೆಂಟ್ ಇಟ್ಟಿಗೆ ಕೊಟ್ಟು ಮೇಜಿನ ಎತ್ತರಕ್ಕೆ ತಂದಳು. ಒರಟು ಹಾಸಿಗೆಯ ಮೇಲೆ ಬಟ್ಟೆ ಕಚ್ಚಿಕೊಳ್ಳುತ್ತಿತ್ತು. ಅದಕ್ಕೆ ನುಣುಪಾದ ಒಂದು ಪವರ್‌ಲೂಮ್ ಸೀರೆ ಬಿಗಿಯಾಗಿ ಹಾಸಿದಳು, ಕೌದಿ ಅದರ ಮೇಲೆ ತಾನಾಗಿ ಜಾರಿತು. ಸೂಜಿಯ ಬಲಗಡೆ ಮಷೀನಿನ ತೋಳಿನ ಕೆಳಗಿನ ಸಂದಿಯಲ್ಲಿ ಹೋಗಬೇಕಾದ ಭಾಗವನ್ನು ಚಾಪೆಯಂತೆ ಸುತ್ತಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿದಳು. ಮಡಿಲಿಗೆ ಬೀಳುವುದನ್ನು ಹೆಗಲ ಮೇಲೆ ಹಾಕಿಕೊಂಡಳು. ಒಂದೊಂದು ಗೇಣಿಗೂ ನಿಲ್ಲಿಸಿ, ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು, ಸೂಜಿಯ ಸುತ್ತ ಬಟ್ಟೆ ಸಡಿಲವಾಗಿ ಗುಡ್ಡೆಯಾಗುವಂತೆ ಸರಿಪಡಿಸಿ, ಮತ್ತೆ ಒಂದು ಗೇಣು. ಹೀಗೆ ನಡುವಿನಿಂದ ಅಂಚಿಗೆ ಹೋದಳು. ನಿಧಾನವಾದರೂ ಸಾಲು ನೇರ ಬಂತು. ಬಾಗಿಲು ತೆಗೆದೇ ಇತ್ತು, ಹೊರಗೆ ಯಾರದೋ ಮಿಕ್ಸಿ ಓಡುತ್ತಿತ್ತು. ಒಂದು ಸಾಲು ಮುಗಿದಾಗ ತಲೆಯೆತ್ತಿ ಏನೋ ಹೇಳಹೋದಳು, ಎದುರಿಗೆ ಗೋಡೆ ಇತ್ತು.

ಭಾನುವಾರ ಅವಳು ದೇವನಹಳ್ಳಿಗೆ ಹೋಗಿ, ಅಲ್ಲಿಂದ ಆವತಿ ಬಸ್ಸು ಹಿಡಿದಳು. ಆದಿಲಕ್ಷ್ಮಮ್ಮ ಸೊರಗಿದ್ದಳು. ಇವಳನ್ನು ಕಂಡು ಕೈಹಿಡಿದು ಒಳಗೆ ಕರೆದಳು, ಆದರೆ ಕೂರಲು ಆಗಲಿಲ್ಲ. ನಾದಿನಿಯನ್ನು ಎಬ್ಬಿಸಿ ಒರೆಸಬೇಕು, ಗಂಜಿ ಕುಡಿಸಬೇಕು, ತಮ್ಮನಿಗೆ ಮುದ್ದೆ ಕಟ್ಟಬೇಕು. ಕೊನೆಗೆ ಹಿತ್ತಿಲಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತರು. ಮುನಿಲಕ್ಷ್ಮಮ್ಮ ಬೈಲಪ್ಪ ಬಂದದ್ದನ್ನೆಲ್ಲ ಹೇಳಿದಳು.

"ನೀನು ಸುಮ್ನೆ ಕೂತಿರ್ಲಿಲ್ಲ ಅಕ್ಕ. ನಂಗೆ ಗೊತ್ತಾಗ್ಲಿಲ್ಲ."

ಆದಿಲಕ್ಷ್ಮಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಂಗೆ ಗೊತ್ತಿತ್ತು ಕಣೆ. ತೋಳು ನೋಯ್ತಿತ್ತಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿ ಏನ್ ಮಾಡಾದು. ನಿಂಗೇ ಕಾಣ್ತದೆ ಅಂದ್ಕೊಂಡಿದ್ದೆ."

ಮುನಿಲಕ್ಷ್ಮಮ್ಮ ವಾಪಸ್ಸು ಬಾ ಎಂದು ಕರೆದಳು. ಆದಿಲಕ್ಷ್ಮಮ್ಮ ಕೋಪ ಮಾಡಿಕೊಳ್ಳಲಿಲ್ಲ, ಬರುತ್ತೇನೆ ಎನ್ನಲೂ ಇಲ್ಲ. ಈ ಮನೆಯಲ್ಲಿ ತಾನು ಎದ್ದರೇ ಎಲ್ಲರೂ ಏಳುವುದು, ಬಿಟ್ಟು ಬರಲು ಹೇಗಾಗುತ್ತದೆ ಎಂದಳು. ಅಷ್ಟರಲ್ಲಿ ಒಳಗಿನಿಂದ ನಾದಿನಿಯ ತೊದಲು ದನಿ ಕೇಳಿಸಿತು, ಎದ್ದು ಹೋದಳು. ಬಸ್ಸಿಗೆ ಹೊತ್ತಾಗುತ್ತಿತ್ತು. ಮುನಿಲಕ್ಷ್ಮಮ್ಮ ಉಳಿದ ಕಾಯಿಯನ್ನು ತಾನೇ ಸುಲಿದು ಮುಗಿಸಿ, ಬಾಗಿಲಲ್ಲಿ ನಿಂತು ಹೇಳಿ ಹೊರಟಳು.

ಸಂಕ್ರಾಂತಿಯ ಮುಂಚೆ ಕೌದಿ ಮುಗಿಯಿತು. ಬಿಂದುಶ್ರೀ ಬಂದು ಅದನ್ನು ಬಿಡಿಸಿ, ತಾಯಿಯ ಹಸಿರು ಧಾರೆ ಸೀರೆಯ ಅಂಚನ್ನು ಹುಡುಕಿ, ಅದರ ಮೇಲೆ ಕೈಯಾಡಿಸಿದಳು. ಹಬ್ಬಕ್ಕೆ ಮನೆಗೆ ಊಟಕ್ಕೆ ಬರಲೇಬೇಕು ಎಂದು ಒತ್ತಾಯ ಮಾಡಿ ಹೋದಳು. ಹಬ್ಬದ ದಿನ ಮುನಿಲಕ್ಷ್ಮಮ್ಮ ತಲೆಗೆ ನೀರು ಹಾಕಿಕೊಂಡಳು, ಒಳ್ಳೆ ಸೀರೆ ಉಟ್ಟಳು, ಬೀದಿಯ ತಿರುವಿನ ತನಕ ಹೋದಳು. ಟೀಚರ ಮನೆ ಮುಂದೆ ನಾಲ್ಕಾರು ಜೊತೆ ಚಪ್ಪಲಿ ಇದ್ದವು, ಒಳಗೆ ನಗು ಕೇಳುತ್ತಿತ್ತು. ಅಲ್ಲಿ ಯಾರ ಪಕ್ಕ ಕೂರುವುದು, ಏನು ಮಾತಾಡುವುದು ಎಂದು ಅವಳಿಗೆ ತೋಚಲಿಲ್ಲ. ತಿರುಗಿ ಬಂದು, ಸೀರೆ ಬದಲಾಯಿಸಿ, ಬೆಳಗಿನ ಪೊಂಗಲನ್ನು ಬಿಸಿ ಮಾಡಿಕೊಂಡು ತಿಂದಳು.