ಕೊಬ್ಬಿನ ಬಾಲ

ಎಂದೋ ಸತ್ತುಹೋದ ಮನುಷ್ಯನೊಬ್ಬನ ಕ್ಯಾನ್ಸರ್ ಗಡ್ಡೆಯ ಚೂರು ಹೈದರಾಬಾದಿನ ಲ್ಯಾಬೊಂದರ ಪೆಟ್ಟಿಗೆಯಲ್ಲಿ ಇನ್ನೂ ಬೆಳೆಯುತ್ತಿತ್ತು. ಅದಕ್ಕೆ ಬಿಸಿ ತಪ್ಪದಂತೆ ನೋಡಿಕೊಳ್ಳುವುದೇ ನನಗೆ ಸಿಕ್ಕ ಕೆಲಸ. ಮೊದಲ ವಾರ ಊಟ ಸೇರಲಿಲ್ಲ.

ಬಿಸಿ ಕಾಯುವುದು ನನಗೆ ಹೊಸದಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ, ಹಾರನಹಳ್ಳಿಯಲ್ಲಿ ಹೊಗೆಸೊಪ್ಪು ಬೇಯಿಸುವ ಬಿಸಿಗೂಡು, ಬ್ಯಾರನ್ನಿನ ಮುಂದೆ ನನ್ನ ಮಾತೇ ಕೊನೆ. ಹಬೆ ಹೋಗಲು ಕಿಂಡಿ ತೆಗೆ ಎಂದರೆ ತೆಗೆಯಬೇಕು. ಎಂಟು ವರ್ಷ ದೊಡ್ಡವನಾದ ಅಣ್ಣ ಕಾಳೇಗೌಡನೂ ಎದುರಾಡುತ್ತಿರಲಿಲ್ಲ. ಲ್ಯಾಬಿನ ಮೇಡಂ ನಮ್ಮ ಕಡೆಯ ಪಿರಿಯಾಪಟ್ಟಣದವರು. ಆ ಗುರುತಿನಿಂದಲೇ ನನ್ನನ್ನು ಕರೆಸಿಕೊಂಡಿದ್ದರು.

ನಮ್ಮಲ್ಲಿ ಬಿಸಿಯನ್ನು ಸೊಪ್ಪಿನ ವಾಸನೆಯೇ ಹೇಳುತ್ತದೆ. ಲ್ಯಾಬಿನ ಪೆಟ್ಟಿಗೆಯಲ್ಲಿ ಮೂವತ್ತೇಳು ಡಿಗ್ರಿ ಎಂದರೆ ಮೂವತ್ತೇಳೇ, ವಾಸನೆಯೇ ಇಲ್ಲ. ಬೀದಿಯಲ್ಲಿ ಎಲ್ಲರೂ ‘ಅನ್ನಾ’ ಎನ್ನುತ್ತಾರೆ; ತೆಲುಗಿನಲ್ಲಿ ಹಾಗೆಂದರೆ ಅಣ್ಣ. ಆದರೆ ನಿನ್ನ ಊರು ಯಾವುದು ಎಂದು ಕೇಳಿದವರು ಒಬ್ಬರೂ ಇಲ್ಲ.

ಒಂದು ದಿನ ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ಜೀವಕೋಶದ ಅಂಚಿನುದ್ದಕ್ಕೂ ಹಸಿರು ಬೆಳಕು, ಹೊಲಕ್ಕೆ ಬದು ಹಾಕಿದಂತೆ.

“ಆ ಹಸಿರು ಒಂದು ಪ್ರೋಟೀನು ಕಣಪ್ಪ. ಅದರ ಬಾಲಕ್ಕೆ ಚೂರು ಕೊಬ್ಬು ಅಂಟಿದ್ರೆ ಹೋಗಿ ಜೀವಕೋಶದ ಗೋಡೆ ಕಚ್ಕೊಳ್ಳುತ್ತೆ. ಅಲ್ಲಿ ಕೂತು ‘ಬೆಳಿ, ಬೆಳಿ’ ಅಂತಾನೇ ಇರುತ್ತೆ.”

ಅದೇ ಗಡ್ಡೆಯ ಇನ್ನೊಂದು ತಟ್ಟೆಗೆ ಕೊಬ್ಬು ಅಂಟದಂತೆ ಮಾಡುವ ಮದ್ದು ಹಾಕಿದ್ದರು. ಅಲ್ಲಿ ಹಸಿರು ಗೋಡೆ ಬಿಟ್ಟು ಒಳಗೆಲ್ಲ ಚೆದುರಿತ್ತು. ಬೆಳೆಯುವುದೂ ನಿಂತಿತ್ತು.

ಅದೇ ತಿಂಗಳು ಅಣ್ಣನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮೈಸೂರಿನ ಡಾಕ್ಟರು ಬೇಗ ಆಪರೇಷನ್ ಆಗಲಿ ಎಂದಿದ್ದರು. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ.

“ಏನ್ಲಾ ಮಾಡ್ಲಿ? ಕುಯ್ಸ್ಕೊಂಬುಡ್ಲಾ?”

“ತಡಿ ಕಣಣ್ಣ. ಕುಯ್ಯದಂಗೇ ನಿಲ್ಸೋ ಮದ್ದು ನಮ್ ಲ್ಯಾಬಲ್ಲೇ ಅದೆ. ಬಾಲದ ಕೊಬ್ಬು ತೆಗುದ್ರೆ ಗೆಡ್ಡೆ ಬೆಳೆಯಲ್ಲ. ಕಣ್ಣಾರೆ ಕಂಡಿವ್ನಿ.”

“ಓಹೋ, ಡಾಕ್ಟ್ರೇ ಆಗ್ಬುಟ್ಟಲ್ಲಪ್ಪೋ! ಆಯ್ತು ಬುಡು. ಒಂದ್ ದಿನಾನೂ ಸೊಪ್ಪು ಕೆಡಿಸ್ದೋನಲ್ಲ ನೀನು.”

ಮೇಡಂರನ್ನು ಒಂದು ಮಾತು ಕೇಳಲಿಲ್ಲ. ಕಂಡಿದ್ದೇನಲ್ಲ, ಕೇಳುವುದೇನು ಎಂಬ ಗರ್ವ.

ಮೂರು ತಿಂಗಳಾದ ಮೇಲೆ, ಮದ್ದು ಹಾಕಿದ ತಟ್ಟೆಯಲ್ಲೇ ಹಸಿರು ಮತ್ತೆ ಬದುವಿಗೆ ಬಂದು ಕೂತಿತ್ತು, ಗಡ್ಡೆ ಬೆಳೆಯುತ್ತಿತ್ತು. ಬಿಸಿ ತಪ್ಪಿಸಿದೆನೇನೋ ಎಂದು ಪೆಟ್ಟಿಗೆಯ ಡಿಗ್ರಿ ನೋಡಿದೆ.

“ನಿನ್ನ ತಪ್ಪಲ್ಲ,” ಎಂದರು ಮೇಡಂ. “ಒಂದು ಕೊಬ್ಬು ತಡೆದ್ವಿ. ಅದು ಇನ್ನೊಂದು ಥರದ್ದನ್ನ ಅಂಟಿಸಿಕೊಂಡು ವಾಪಸ್ ಗೋಡೆಗೆ ಹೋಗಿದೆ.”

“ಅಂಗಾದ್ರೆ ಜನಕ್ಕೆ ಈ ಮದ್ದು ಯಾವಾಗ ಕೊಡ್ತೀರಿ ಮೇಡಂ?”

“ಜನಕ್ಕಾ? ಇದು ತಟ್ಟೆಯಲ್ಲಿ ನೋಡೋದಕ್ಕೆ ಕಣಪ್ಪ.”

ಬೂತಿಗೆ ಓಡಿದೆ. “ಅಣ್ಣಾ, ನಾಳೆನೇ ಆಸ್ಪತ್ರೆಗೋಗು.”

“ಯಾಕ್ಲಾ? ನೀನೇಳ್ದಂಗೇ ಕೊಬ್ಬು ಬುಟ್ಟಿವ್ನಿ. ಬಾಡೂಟ ಇಲ್ಲ, ತುಪ್ಪ ಇಲ್ಲ, ಎಣ್ಣೆ ಮುಟ್ಟಿಲ್ಲ. ಮೈ ಅರ್ಧ ಇಳ್ದದೆ ಕಣ್ಲಾ. ಗೆಡ್ಡೆನೂ ಕರಗ್ತಾ ಇರ್ಬೇಕು.”

ಅಂದು ರಾತ್ರಿಯೇ ಊರಿಗೆ ಹೊರಟೆ.

ಇದನ್ನು ಊರಿನಲ್ಲೇ ಕೂತು ಬರೆಯುತ್ತಿದ್ದೇನೆ. ಡಾಕ್ಟರು ಅಣ್ಣನ ಹೊಟ್ಟೆ ತೆರೆದವರು ಗಡ್ಡೆ ಹಬ್ಬಿಬಿಟ್ಟಿದೆ ಎಂದು ಏನನ್ನೂ ತೆಗೆಯದೆ ಹೊಲಿದು ಕಳಿಸಿದರು. ಬ್ಯಾರನ್ನಿಗೆ ಸೊಪ್ಪು ಏರಿಸಿದ್ದಾರೆ. ಹೈದರಾಬಾದಿನ ಪೆಟ್ಟಿಗೆಯನ್ನು ಈಗ ಯಾರು ನೋಡುತ್ತಿದ್ದಾರೋ ಎಂದು ಮನಸ್ಸು ಅತ್ತ ಓಡುತ್ತದೆ. ಇಲ್ಲಿ ಅಣ್ಣ ಜಗುಲಿಯಿಂದಲೇ ಕೂಗುತ್ತಾನೆ:

“ಕಿಂಡಿ ತೆಗೀಬೋದೇನ್ಲಾ? ನೀನೇಳಪ್ಪ.”

ಎದ್ದು ಹೋಗಿ ಸೊಪ್ಪಿನ ವಾಸನೆಯನ್ನು ಎರಡನೇ ಸಲ ನೋಡುತ್ತೇನೆ.