ಸೊಟ್ಟ ಟಾಕಿಯ ದೇವೀಂದ್ರಪ್ಪ ಮಾಸ್ತರರು

ಕಲಬುರಗಿ ಸೀಮೆಯಲ್ಲಿ ವಿಜ್ಞಾನ ಕಲಿಸಿದವರು ಹಲವರಿದ್ದಾರೆ. ಅವರಲ್ಲಿ ಹೆಚ್ಚಿನವರು ವಿಜ್ಞಾನವನ್ನು ಕರಿಹಲಗೆಯ ಮೇಲೆ ಬರೆದು, ಒರೆಸಿ, ಕೈ ಝಾಡಿಸಿಕೊಂಡು ಮನೆಗೆ ಹೋದವರು. ಅದನ್ನು ತಮ್ಮ ಕೈಯಿಂದಲೇ ಕಟ್ಟಿ, ಗಾಳಿಗೆ ಬಿಟ್ಟು, ತಂತಿ ಹಿಡಿದು ಮರಳಿ ನೆಲಕ್ಕಿಳಿಸಿ ತೋರಿಸಿದವರು ನಾನು ಕಂಡಂತೆ ಒಬ್ಬರೇ. ಕಮಲಾಪುರದ ಶ್ರೀ ದೇವೀಂದ್ರಪ್ಪ ಮಾಸ್ತರರು ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಗೌರವಾರ್ಥ ಹೊರಡುವ ಈ ಸಂಪುಟಕ್ಕೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿರೆಂದು ಸನ್ಮಾನ ಸಮಿತಿಯವರು ಅವರ ಹಳೆಯ ಸಹೋದ್ಯೋಗಿಯಾದ ನನ್ನನ್ನು ಕೇಳಿದರು. ಮಾಸ್ತರರ ಬಗ್ಗೆ ಒಳ್ಳೆಯ ಮಾತಿಗೆ ನನ್ನಲ್ಲಿ ಬರವಿಲ್ಲ. ಸಮಿತಿಯ ಬಗ್ಗೆ ಅಂಥ ಭರವಸೆ ಕೊಡಲಾರೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನಗರದ ಒಂದು ಪ್ರೌಢಶಾಲೆಯಲ್ಲಿ ಅವರು ವಿಜ್ಞಾನ ಹೇಳುತ್ತಿದ್ದರು, ಪಕ್ಕದ ಕೋಣೆಯಲ್ಲಿ ನಾನು ಮರಾಠಿ ಹೇಳುತ್ತಿದ್ದೆ. ನಾನು ವಿಷಮಜ್ವರದಿಂದ ಮಲಗಿದಾಗ ನನ್ನ ತರಗತಿಗಳನ್ನು ಅವರೇ ಹೊತ್ತುಕೊಂಡು, ತಮಗೆ ಬಾರದ ಮರಾಠಿಯಲ್ಲಿ ಪಾಠ ಹೇಳಿ, ಸಂಜೆ ನಮ್ಮ ಮನೆಗೆ ಗಂಜಿಗೆಂದು ನುಚ್ಚು ತಂದುಕೊಡುತ್ತಿದ್ದರು. ಚೇತರಿಸಿಕೊಂಡು ಬಂದ ಮೇಲೆ ವಿದ್ಯಾರ್ಥಿಗಳ ಮರಾಠಿಯನ್ನು ರಿಪೇರಿ ಮಾಡಲು ನನಗೆ ಬಹಳ ದಿನ ಹಿಡಿಯಿತು ಎಂಬುದು ಬೇರೆ ಮಾತು.

ಮಹಾಯುದ್ಧ ಮುಗಿದ ಮರುವರ್ಷ ಅವರು ತರಬೇತಿಗೆಂದು ಹೈದರಾಬಾದಿಗೆ ಹೋದಾಗ, ಸ್ವದೇಶಕ್ಕೆ ಹೊರಟಿದ್ದ ಒಬ್ಬ ಆಂಗ್ಲ ವೈಮಾನಿಕನ ಸ್ನೇಹವಾಯಿತು. ಆತ ಹೋಗುವಾಗ ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಎಂಜಿನ್ ಒಂದನ್ನು ಇವರ ಕೈಗಿಟ್ಟು ಹೋದ. ಅದು ಸರಕಾರದ್ದಲ್ಲ, ಶಾಲೆಯದ್ದಲ್ಲ, ಮಾಸ್ತರರ ಸ್ವಂತದ್ದು. ಈ ಒಂದು ಮಾತನ್ನು ಓದುಗರು ದಯವಿಟ್ಟು ಮರೆಯಬಾರದು.

ಆ ಎಂಜಿನ್ನಿಗೆ ಈಥರ್, ಸೀಮೆಎಣ್ಣೆ, ಔಡಲೆಣ್ಣೆ ಮೂರನ್ನೂ ಕೂಡಿಸಿ ಕುಡಿಸಬೇಕು. ಈಥರನ್ನು ದವಾಖಾನೆಯ ಕಂಪೌಂಡರನಿಂದ ಕಾಡಿ ಬೇಡಿ ತಂದರು. ಔಡಲೆಣ್ಣೆ ಮನೆಯಲ್ಲೇ ಇತ್ತು. ಅವರ ಪತ್ನಿ ನೀಲಗಂಗಮ್ಮನವರು ನನ್ನೆದುರಿಗೇ ಕೇಳಿದ್ದುಂಟು: “ಕೂಸಿನ ಹೊಟ್ಟಿಗಂತ ಇಟ್ಟ ಎಣ್ಣಿ ನಿಮ್ಮ ವಿಮಾನಕ್ಕ ಕುಡಿಸೀರಿ. ನಾಳಿ ಕೂಸಿಗಿ ಏನ್ ಕುಡಿಸಲಿ, ಹೇಳ್ರಿ?”

ವಿಮಾನವೆಂದರೆ ಮೊಳದುದ್ದದ, ಕಟ್ಟಿಗೆ ಮತ್ತು ಕಾಗದದ ವಿಮಾನ. ಎರಡು ಸಣ್ಣ ಉಕ್ಕಿನ ತಂತಿಗಳು ಅದರ ಒಂದು ರೆಕ್ಕೆಯಿಂದ ಹೊರಟು ಹಾರಿಸುವವನ ಕೈಹಿಡಿಕೆಗೆ ಬರುತ್ತವೆ. ಅವನು ನಡುವೆ ನಿಂತು ತಾನೂ ತಿರುಗುತ್ತಾನೆ, ವಿಮಾನ ಅವನ ಸುತ್ತ ಹಾರುತ್ತದೆ. ಮಣಿಕಟ್ಟು ತಿರುವಿದರೆ ಏರುತ್ತದೆ, ಇಳಿಯುತ್ತದೆ. ಕಷ್ಟವೆಲ್ಲ ಎಣ್ಣೆಯದು. ತಂಬಿಗೆಗೆ ಹಗ್ಗ ಕಟ್ಟಿ ಸುತ್ತ ಬೀಸಿದರೆ ನೀರು ತಳಕ್ಕೆ ಅಂಟಿ ನಿಲ್ಲುವ ಹಾಗೆ, ಸುತ್ತುವ ವಿಮಾನದಲ್ಲಿ ಎಣ್ಣೆ ತಾನು ತುಂಬಿರುವ ತಗಡಿನ ಟಾಕಿಯ ಹೊರಮಗ್ಗುಲಿಗೆ ಸರಿದು ನಿಲ್ಲುತ್ತದೆ. ಟಾಕಿಯಿಂದ ಎಂಜಿನ್ನಿಗೆ ಎಣ್ಣೆ ಒಯ್ಯುವ ನಳಿಗೆಯ ಬಾಯಿ ನಡುವೆ ಇದ್ದರೆ, ಅರ್ಧ ಎಣ್ಣೆ ಉಳಿದಿರುವಾಗಲೇ ಎಂಜಿನ್ ಉಪವಾಸ ಬೀಳುತ್ತದೆ. ಮಾಸ್ತರರು ಎಷ್ಟೋ ವಿಮಾನಗಳನ್ನು ಮಣ್ಣುಗೂಡಿಸಿದ ಮೇಲೆ ಟಾಕಿಯ ಹೊರಮಗ್ಗುಲನ್ನು ಮೂಲೆಗೆ ಎಳೆದು ಚೂಪು ಮಾಡಿ, ನಳಿಗೆಯನ್ನು ಓರೆಯಾಗಿ ಬಗ್ಗಿಸಿ ಆ ಮೂಲೆಗೇ ಮುಟ್ಟಿಸಿದರು. ಶಹಾಬಜಾರದ ತಗಡಿನ ಕೆಲಸದ ಸಿಕಂದರ್ ಅದನ್ನು ಅವರು ಹೇಳಿದಂತೆ ಬೆಸೆದುಕೊಟ್ಟ. ನೋಡಲು ಸೊಟ್ಟ. ಕೊನೆಯ ಹನಿಯವರೆಗೂ ವಿಮಾನ ಹಾರಿತು.

ಆ ವರ್ಷ ಹೈದರಾಬಾದಿನಿಂದ ವಿದ್ಯಾಖಾತೆಯ ದೊಡ್ಡ ಸಾಹೇಬರು ಶಾಲೆಗೆ ಬರುವವರಿದ್ದರು. ದೊಡ್ಡವರು ಬರುವಾಗ ನಮ್ಮಲ್ಲಿ ಗಿಡಗಳಿಗೂ ಸುಣ್ಣ ಬಳಿಯುತ್ತಾರೆ. ಅಂದಿನ ಮುಖ್ಯೋಪಾಧ್ಯಾಯರು ಬೆಂಚುಗಳನ್ನು ದಾರ ಹಿಡಿದು ಸಾಲಿಗೆ ತಂದರು. ಅವರ ಹೆಸರನ್ನು ನಾನು ಬರೆಯುವುದಿಲ್ಲ, ಈ ಸಂಪುಟದ ಮೊದಲ ಪುಟದಲ್ಲೇ ಸನ್ಮಾನ ಸಮಿತಿಯ ಅಧ್ಯಕ್ಷರೆಂದು ಅಚ್ಚಾಗಿರುತ್ತದೆ. ಹಿಂದಿನ ದಿನ ಅವರು ವಿಮಾನದ ಮೂತಿಯ ಮುಚ್ಚಳ ತೆಗೆಸಿ ಇಣುಕಿದರು.

“ಇದ್ಯಾಕ ಹಿಂಗ ಸೊಟ್ಟ ಅದ, ಮಾಸ್ತರ? ಸಾಹೇಬ್ರ ಮುಂದ ಸೊಟ್ಟ ಸಾಮಾನ ಇಡ್ತೀರೇನು?”

“ಸೊಟ್ಟ ಅದ ಅಂತೇ ಹಾರ್ತದರಿ,” ಎಂದರು ಮಾಸ್ತರರು.

ಮಾಸ್ತರರು ಮನೆಗೆ ಹೋದ ಮೇಲೆ ಮುಖ್ಯೋಪಾಧ್ಯಾಯರು ಸಿಕಂದರನನ್ನು ಕರೆಸಿ, ಚೂಪು ಮೂಲೆಯನ್ನು ಕತ್ತರಿಸಿ, ನಳಿಗೆಯನ್ನು ನಡುವಿಗೆ ತಂದು, ಟಾಕಿಯನ್ನು ಚೌಕಾಕಾರ ಮಾಡಿಸಿ, ಮುಚ್ಚಳ ಹಾಕಿಸಿದರು. ಮರುದಿನ ಶಾಮಿಯಾನದೊಳಗಿನ ಮೇಜಿನ ಮೇಲೆ ವಿಮಾನ ಹೂಮಾಲೆ ಹಾಕಿಕೊಂಡು ಕುಳಿತಿತ್ತು. ಸಾಹೇಬರು ಬರುವವರೆಗೆ ಅದನ್ನು ಯಾರೂ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು.

ಸಾಹೇಬರು ಬಂದು ಕುಳಿತ ಮೇಲೆ ವಿಮಾನವನ್ನು ಶಾಮಿಯಾನದ ಮುಂದಿನ ಬಯಲಿಗೆ ತಂದರು. ಎಂಜಿನ್ ನೆಲದ ಮೇಲೆ ಚೆನ್ನಾಗಿಯೇ ಕೂಗಿತು. ವಿಮಾನ ಒಂದಷ್ಟು ಸುತ್ತು ಹಾರಿತು ಕೂಡ. ಆಮೇಲೆ ಮಾಸ್ತರರು ಅದನ್ನು ಎತ್ತರಕ್ಕೆ ಏರಿಸಿದಾಗ ಸದ್ದು ನಿಂತಿತು, ತಂತಿ ಸಡಿಲಾಯಿತು, ವಿಮಾನ ಸಾಹೇಬರ ಕುರ್ಚಿಯ ಮುಂದೆ ಜಮಖಾನದ ಮೇಲೆ ಬಿದ್ದು ಅವರ ಶೇರವಾನಿಗೆ ಔಡಲೆಣ್ಣೆ ಸಿಡಿಯಿತು. ಮಾಸ್ತರರು ಅದನ್ನೆತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗೆ ಎಣ್ಣೆ ಕುಲುಕುವ ಸದ್ದು ಬದಿಯಲ್ಲಿದ್ದ ನನಗೂ ಕೇಳಿಸಿತು. ಅವರು ಮುಚ್ಚಳ ತೆಗೆದು ನೋಡಿ, ಮತ್ತೆ ಹಾಕಿದರು. ಯಾರಿಗಾಗಿ ಟಾಕಿಯನ್ನು ನೇರ ಮಾಡಿದ್ದರೋ ಆ ಸಾಹೇಬರು ಒಳಗೆ ಇಣುಕಿಯೂ ನೋಡಲಿಲ್ಲ.

ವಿಚಾರಣೆಯಲ್ಲಿ ಮುಖ್ಯೋಪಾಧ್ಯಾಯರು ನೇರವಾಗಿ ಸಿಕಂದರನತ್ತ ಬೆರಳು ತೋರಿಸಿದರು. “ಮಾಸ್ತರಗ ಗೊತ್ತದ ಅಂತ ತಾವೇ ಅಂದ್ರಲ್ರಿ, ಅದಕ್ಕ ಮಾಡೀನಿ,” ಎಂದ ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಪೊಲೀಸರನ್ನು ಕರೆಯಿರಿ ಎಂಬ ಮಾತು ಎದ್ದಾಗ ದೇವೀಂದ್ರಪ್ಪನವರು ಎದ್ದು ನಿಂತರು.

“ಟಾಕಿ ನಂದ್ರಿ. ನೋಡ್ಕೊಳ್ಳೋದು ನನ್ನ ಕೆಲಸಿತ್ತು. ಅವನ್ನ ಬಿಡ್ರಿ.”

ಬಿಟ್ಟರು. ಮಾಸ್ತರರನ್ನು ಮಾತ್ರ ಬಿಡಲಿಲ್ಲ. ಅವರನ್ನು ಕಮಲಾಪುರದ ಪ್ರಾಥಮಿಕ ಶಾಲೆಗೆ ಅಟ್ಟಿ, ಎಂಜಿನ್ನನ್ನು ಶಾಲೆಯ ಕಪಾಟಿನಲ್ಲಿಟ್ಟು ಬೀಗ ಜಡಿದರು. ಸ್ವಂತ ಊರು ಸಿಕ್ಕಿತಲ್ಲ, ಅದೃಷ್ಟವಂತರು ಎಂದು ಕೆಲವರು ಹೊಟ್ಟೆಕಿಚ್ಚು ಕೂಡ ಪಟ್ಟರು. ಭೌತಶಾಸ್ತ್ರ ಹೇಳಬೇಕಾದವರು ಅಲ್ಲಿ ಅ ಆ ತಿದ್ದಿಸುತ್ತ ಸೇವೆ ಮುಗಿಸಿದರು. ನನಗೆ ಅಂದು ಅವರ ಮೇಲೂ ಸಿಟ್ಟು ಬಂದಿತ್ತು, ಇಂದಿಗೂ ಪೂರ್ತಿ ಇಳಿದಿಲ್ಲ. ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ?

ನಗರಕ್ಕೆ ಬಂದಾಗಲೆಲ್ಲ ಅವರು ಶಾಲೆಯ ಮೆಟ್ಟಿಲೇರಿ ಒಂದೇ ಮಾತು ಕೇಳುತ್ತಿದ್ದರು: “ಎಂಜಿನ್ ಕೊಡ್ರಿ ಸಾಹೇಬ್ರ, ಅದು ನಂದದ.” ಒಂದೇ ಉತ್ತರ ಬರುತ್ತಿತ್ತು: “ಚಾವಿ ಸಿಗವಲ್ದು, ಮಾಸ್ತರ.” ನಿಜಾಮರು ಹೋದರು, ಬಾವುಟ ಬದಲಾಯಿತು, ನಕಾಶೆ ಬದಲಾಯಿತು. ಮುಖ್ಯೋಪಾಧ್ಯಾಯರೂ ರೂಮಿ ಟೋಪಿ ತೆಗೆದು ಗಾಂಧಿ ಟೋಪಿ ಹಾಕಿಕೊಂಡರು. ಚಾವಿ ಮಾತ್ರ ಸಿಗಲಿಲ್ಲ.

ಸನ್ಮಾನದ ಠರಾವು ಆದ ದಿನ ಸಿಕ್ಕಿತು.

ಈ ಲೇಖನಕ್ಕಾಗಿ ನಾಲ್ಕು ಸಂಗತಿ ಕೇಳಿಕೊಂಡು ಬರಲು ಕಳೆದ ವಾರ ನಾನು ಕಮಲಾಪುರಕ್ಕೆ ಹೋಗಿದ್ದೆ. ನೀಲಗಂಗಮ್ಮನವರು ಊರಿನ ಕೆಂಪು ಬಾಳೆಹಣ್ಣು ಕೊಟ್ಟು ಉಪಚರಿಸಿದರು. ಪಡಸಾಲೆಯ ತೊಲೆಗೆ ಹೊಸ ವಿಮಾನವೊಂದು ತೂಗುತ್ತಿತ್ತು. ಎಂಜಿನ್ ಕೂಡಬೇಕಾದ ಜಾಗ ಖಾಲಿ, ಅದರ ಹಿಂದೆ ಟಾಕಿ, ಹೊರಮಗ್ಗುಲಿಗೆ ಚೂಪಾಗಿ, ಸೊಟ್ಟಗೆ.

“ಎಂಜಿನ್ ವೇದಿಕಿ ಮ್ಯಾಲೆ ಕೊಡ್ತಾರಂತ್ರಿ,” ಎಂದರು ಮಾಸ್ತರರು. “ಔಡಲೆಣ್ಣಿ ತಂದಿಟ್ಟೀನಿ. ನಮ್ಮ ಸಾಲಿ ಮುಂದಿನ ಬಯಲಿನ್ಯಾಗ ಒಮ್ಮೆ ಹಾರಿಸಿ ಬಿಡಬೇಕಂತ ಕಾಯಲಾಕತ್ತೀನಿ.”

ಮರಳಿ ಬಂದು, ಸಮಿತಿಯ ಕಾಣಿಕೆ ಹೇಗಿದೆ ನೋಡೋಣವೆಂದು ನಗರದ ಜಗತ್ ಬಡಾವಣೆಯಲ್ಲಿರುವ ಬೆಳ್ಳಿ ಲೇಪದ ಅಂಗಡಿಗೆ ಹೋದೆ. ಎಂಜಿನ್ ಸಾಗುವಾನಿಯ ಪೀಠದ ಮೇಲೆ ನೆಟ್ಟಗೆ ನಿಂತು ಥಳಥಳಿಸುತ್ತಿತ್ತು. “ಧೂಳ ಹೋಗಬಾರ್ದಂತ ಕಂಡಿ ಎಲ್ಲಾ ಬೆಸುಗಿ ತುಂಬಿ ಮುಚ್ಚಂದಾರ್ರಿ ಅಧ್ಯಕ್ಷರು,” ಎಂದ ಅಂಗಡಿಯವನು. “ಚಂದ ಕಾಣ್ತದಲ್ರಿ?” ಗಾಳಿ ಎಳೆಯುವ ಬಾಯಿ, ಎಣ್ಣೆ ಹೋಗುವ ರಂಧ್ರ, ಹೊಗೆ ಹೊರಬೀಳುವ ಕಂಡಿ, ಎಲ್ಲವೂ ತುಂಬಿದ್ದವು. ಅದು ಇನ್ನು ಯಾವ ಜನ್ಮದಲ್ಲೂ ತಿರುಗದು.

ಇದನ್ನು ಓದುವ ಸಮಿತಿಯವರಲ್ಲಿ ನನ್ನದೊಂದೇ ವಿನಂತಿ: ಈ ಲೇಖನವನ್ನಾದರೂ ನೇರ ಮಾಡದೆ, ಇದ್ದ ಹಾಗೇ ಅಚ್ಚಿಗೆ ಕಳಿಸಿರಿ. ಇನ್ನು ಪದ್ಧತಿಯಂತೆ ಹಾರೈಸಬೇಕು. ಶ್ರೀ ದೇವೀಂದ್ರಪ್ಪ ಮಾಸ್ತರರಿಗೆ ಭಗವಂತನು ದೀರ್ಘಾಯುಷ್ಯವನ್ನೂ ಗಟ್ಟಿ ಮಣಿಕಟ್ಟನ್ನೂ ಕೊಡಲಿ. ಎಲ್ಲಿಂದಲಾದರೂ ಅವರಿಗೆ ಇನ್ನೊಂದು ಎಂಜಿನ್ ದೊರೆಯುವಷ್ಟು ದಿನ ಅವರು ಬದುಕಲಿ. ಅವರು ಅದಕ್ಕೆ ಟಾಕಿ ಕೂಡಿಸುವ ಹೊತ್ತಿಗೆ ಅವರನ್ನು ಗೌರವಿಸುವ ನಾವು ಯಾರೂ ಹತ್ತಿರದಲ್ಲಿ ಇರದಿರಲಿ.