ಎಣ್ಣೆ ಹಚ್ಚಿದ ರಬ್ಬರ್ ಗಿಡ

ಮಡಿಕೇರಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಹೆರಿಗೆಗೆಂದು ಪೊನ್ನಂಪೇಟೆಯ ತವರಿಗೆ ಹೊರಟಾಗ ತನ್ನ ರಬ್ಬರ್ ಗಿಡವನ್ನು ನನಗೆ ಒಪ್ಪಿಸಿ ಹೋದಳು. ಕಾಫಿ ತೋಟದ ದೊರೆಯ ಬಂಗಲೆಯಲ್ಲಿ ಮಾಲಿಯಾಗಿದ್ದ ಅವಳ ಅಪ್ಪ, ತೀರಿಕೊಳ್ಳುವ ಮೊದಲು, ಅಲ್ಲಿಯ ಜಗಲಿಯ ಗಿಡದಿಂದ ಒಂದು ಟೊಂಗೆ ತಂದು ಸೀಮೆಎಣ್ಣೆ ಡಬ್ಬದಲ್ಲಿ ನೆಟ್ಟುಕೊಟ್ಟದ್ದಂತೆ. ಅಪ್ಪನದೆಂದು ಅವಳ ಬಳಿ ಉಳಿದದ್ದು ಅದೊಂದೇ.

"ಅದಕ್ಕೆ ಎಂತದೂ ಮಾಡ್ಬೇಡಿ ಅಕ್ಕ. ಕಿಟಕಿ ಹತ್ರ ಇರ್ಲಿ. ಮಣ್ಣು ಒಣಗಿದ್ರೆ ಮಾತ್ರ ಸ್ವಲ್ಪ ನೀರು."

ಎಂತದೂ ಮಾಡದೆ ಇರುವುದು ನನಗೆ ಬಾರದ ಕೆಲಸ.

ಮಳೆ ಹಿಡಿದ ಮೇಲೆ ಒಂದು ಎಲೆ ಹಳದಿಯಾಗಿ ಉದುರಿತು. ಶೀತವಾಗಿದೆ ಎಂದುಕೊಂಡೆ. ನಮ್ಮಲ್ಲಿ ಕಂಬಳಿ, ಸೌದೆ, ಬಟ್ಟೆ ಎಲ್ಲ ಒಣಗುವುದು ಒಲೆಯ ಬಳಿಯಲ್ಲೇ. ಗಿಡವನ್ನೂ ಅಲ್ಲಿಗೆ ತಂದಿಟ್ಟೆ. ಗಾಳಿ ತಾಗದಂತೆ ಕಿಟಕಿ ಮುಚ್ಚಿದೆ. ನೀರನ್ನು ಉಗುರುಬೆಚ್ಚಗೆ ಮಾಡಿ ಹಾಕಿದೆ. ಮಂಕಾದ ಎಲೆಗಳಿಗೆ ತೆಂಗಿನೆಣ್ಣೆ ಸವರಿದೆ. ಅದಕ್ಕೊಂದು ಕುಲಾವಿ ಹೊಲಿಯುವುದು ಮಾತ್ರ ಬಾಕಿ ಎಂದು ಯಜಮಾನರು ಹಾಸ್ಯ ಮಾಡಿದರು; ನಾನೂ ನಕ್ಕೆ. ಎಲೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವಲ್ಲ.

ಆಮೇಲೆ ಒಲೆಯ ಹೊಗೆ ಆ ಎಣ್ಣೆಗೆ ಅಂಟಿ ಮಸಿಯಾಯಿತು. ಉಜ್ಜಿದರೆ ಇನ್ನಷ್ಟು ಹರಡಿತು. ಎಲೆ ಉದುರಿದಷ್ಟೂ ನನ್ನ ಉಪಚಾರ ಹೆಚ್ಚಿತು. ಉಪಚಾರ ಹೆಚ್ಚಿದಷ್ಟೂ ಎಲೆ ಉದುರಿತು. ತೊಟ್ಟು ಕಳಚಿದ ಕಡೆಯಲ್ಲೆಲ್ಲ ಬಿಳಿಯ ಹಾಲು ಒಸರುವುದನ್ನು ನೋಡಲಾರದೆ ಸೆರಗಿನಿಂದ ಒತ್ತಿ ಹಿಡಿಯುತ್ತಿದ್ದೆ.

ಮಳೆ ನಿಂತು ಅವಳು ಮಗುವಿನೊಂದಿಗೆ ಬರುವ ದಿನ, ಡಬ್ಬವನ್ನು ಮತ್ತೆ ಕಿಟಕಿಯ ಬಳಿ ಇಟ್ಟು, ಬೋಳಾದ ಮಗ್ಗುಲನ್ನು ಗೋಡೆಗೆ ತಿರುಗಿಸಿದ್ದೆ. ಅವಳು ಬಂದವಳೇ ಡಬ್ಬವನ್ನು ತನ್ನ ಕಡೆಗೆ ತಿರುಗಿಸಿದಳು. ನಾನು ಒಲೆ, ಎಣ್ಣೆ, ಬಿಸಿನೀರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಎಂತ ಅಕ್ಕ, ಇದಕ್ಕೂ ಬಾಣಂತನ ಮಾಡಿದ್ರಾ?" ಎಂದು ನಕ್ಕಳು. ನಗುತ್ತಲೇ ಉಳಿದ ಎಲೆಗಳ ಮಸಿಯನ್ನು ಸೆರಗಿನ ತುದಿಯಿಂದ ಒರೆಸತೊಡಗಿದಳು. ನಗು ನಿಂತ ಮೇಲೂ ಬಹಳ ಹೊತ್ತು ಒರೆಸುತ್ತಲೇ ಇದ್ದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ನಮ್ಮ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಎಣ್ಣೆ ಹಚ್ಚಿ ಮೀಯಿಸಿಕೊಡಬೇಕಂತೆ, ಅವಳಿಗೆ ಇನ್ನೂ ಕೈ ಬಂದಿಲ್ಲವಂತೆ. ನನ್ನ ಮಕ್ಕಳೆಲ್ಲ ಮಿಂದು ಬೆಳೆದದ್ದು ಈ ಕಾಲುಗಳ ಮೇಲೆಯೇ. ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡೆ. ಎಣ್ಣೆಯ ಗಿಂಡಿಗೆ ಹಾಕಿದ ಕೈಯನ್ನು ಹಾಗೇ ತಡೆದೆ.

"ನೀನೇ ಹೇಳು," ಎಂದೆ, "ಎಷ್ಟು ಹಾಕ್ಲಿ?"

ಯಾರನ್ನೂ ಹಾಗೆ ಕೇಳಿದವಳಲ್ಲ ನಾನು. ಅವಳು ಗಿಡವಿದ್ದ ಕಿಟಕಿಯ ಕಡೆ ನೋಡಲಿಲ್ಲ.

"ಸ್ವಲ್ಪ ಸಾಕು ಅಕ್ಕ," ಎಂದಳು.